ಬಂಗಾರದ ಹಳ್ಳದಲ್ಲಿ ಉಪವಾಸ

ಮರಳಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಹುಬ್ಬಳ್ಳಿ ಪಕ್ಕದ ತಾರಿಹಾಳದಲ್ಲಿ ನನ್ನದೊಂದು ಸಣ್ಣ ಫೌಂಡ್ರಿ ಇದೆ. ಬೀಡು ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಸುರಿದು, ಪಂಪಿನ ಬಿಡಿಭಾಗ ಮಾಡುವುದು ನಮ್ಮ ದಂಧೆ. ದಿನವೆಲ್ಲ ಮರಳು ತುಳಿದು, ಮರಳು ಉಸಿರಾಡಿ, ಮನೆಗೆ ಬಂದು ತಲೆ ಕೊಡವಿದರೆ ನೆಲದ ಮೇಲೆ ರಂಗೋಲಿ ಹಾಕುವಷ್ಟು ಮರಳು ಬೀಳುವಂಥ ಮನುಷ್ಯ ನಾನು. ಆದ್ದರಿಂದ ನನ್ನ ಷಡ್ಡಕ ಮಹಾಂತೇಶ ಒಂದು ಭಾನುವಾರ ಗೋಕುಲ ರಸ್ತೆಯ ನಮ್ಮ ಮನೆಗೆ ಬಂದು, "ಮರಳು ತೊಳೆಯಿರಿ, ನೀವೇ ಬಂಗಾರ ತೆಗೆಯಿರಿ" ಎಂಬ ಪ್ರವಾಸದ ಜಾಹೀರಾತು ತೋರಿಸಿದಾಗ ನಾನು ನಕ್ಕೆ. ಆ ವರ್ಷ ನಾನು ನಕ್ಕದ್ದು ಅದೇ ಕೊನೆ ಇರಬೇಕು.

ಮಹಾಂತೇಶ ಎಂದರೆ ನನ್ನ ಹೆಂಡತಿ ಗಿರಿಜಾಳ ತಂಗಿ ಕಮಲಾಳ ಗಂಡ. ಧಾರವಾಡದವನು. ಬ್ಯಾಂಕಿನಲ್ಲಿ ಕೆಲಸ. ಮಾತು ಬಹಳ ಮೆತ್ತಗೆ. ಧಾರವಾಡದವರು ಬೈದರೂ ಚಹಾಕ್ಕೆ ಕರೆದಂತೆ ಕೇಳುತ್ತದೆ. ನಾವು ಹುಬ್ಬಳ್ಳಿಯವರು ಚಹಾಕ್ಕೆ ಕರೆದರೂ ಜಗಳಕ್ಕೆ ನಿಂತಂತೆ ಕೇಳುತ್ತದೆ. ಹೀಗಾಗಿ ನಮ್ಮಿಬ್ಬರ ನಡುವೆ ಏನು ನಡೆದರೂ ತಪ್ಪು ನನ್ನದೇ ಎಂದು ಎರಡೂ ಮನೆಯಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು.

"ಅಣ್ಣಾರ, ಕಪ್ಪತಗುಡ್ಡದ ಬುಡಕ ಹಳ್ಳ ಐತಲ್ರಿ, ಅಲ್ಲೆ ಹಿಂದಕ ಜಾಲಗಾರರು ಮರಳು ಜಾಲಾಡಿ ಬಂಗಾರ ತಗೀತಿದ್ರಂತ. ಬ್ರಿಟಿಷರೂ ಗಣಿ ತೋಡಿ ನೋಡಿ ಹೋಗ್ಯಾರ. ಈಗ ಪ್ರವಾಸ ಮಂಡಳಿಯವರು ಬಸ್ ಮಾಡಿ ಕರಕೊಂಡು ಹೊಂಟಾರ. ಎಲ್ಲಾರೂ ಕೂಡಿ ಹೋಗೂಣೇನ್ರಿ?" ಎಂದ.

"ಮರಳು ತೊಳಿಯಾಕ ನಾ ಬಸ್ ಹತ್ತಿ ಹೋಗಬೇಕೇನ್ರಿ? ದಿನಾ ಅದನ್ನ ಮಾಡತೇನಿ," ಎಂದೆ.

"ಹಂಗಲ್ರಿ. ನಿಮಗ ಗೊತ್ತಿರೂದು ಫೌಂಡ್ರಿ ಮರಳು. ಇದು ಹಳ್ಳದ್ದು. ಇದಕ್ಕ ಸ್ವಲ್ಪ ತಾಳ್ಮಿ ಬೇಕಾಗತೈತಿ. ನಿಮಗ ಆಗಲಿಕ್ಕಿಲ್ಲ ಬಿಡ್ರಿ."

ಮೆತ್ತಗೇ ಅಂದ. ನಗುತ್ತಲೇ ಅಂದ. ನನಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರಿತು. ತಾಳ್ಮೆ ನನಗಿಲ್ಲವೆ! ಆ ಕ್ಷಣವೇ ಎಲ್ಲರ ಹೆಸರೂ ಹಚ್ಚಲು ಹೇಳಿದೆ.

"ಬರೂದಾದ್ರ ಸಿಟ್ಟು ಮನ್ಯಾಗ ಇಟ್ಟು ಬರ್ರಿ," ಎಂದಳು ಗಿರಿಜಾ.

"ನನಗೆಲ್ಲೆ ಸಿಟ್ಟು ಐತಿ!" ಎಂದು ಕೂಗಿದೆ. ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

ಅವ್ವನೂ ಬರುತ್ತೇನೆಂದಳು. ಆಕೆಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು, ಬೆಳಗಿನ ಗುಳಿಗೆ ನುಂಗಿದ ಮೇಲೆ ಮಧ್ಯಾಹ್ನದ ಊಟ ತಡವಾಗುವಂತಿರಲಿಲ್ಲ. ಆದರೆ ಮನೆಯಲ್ಲಿ ಕೂತು ಕೂತು ಬೇಸರವಾಗಿತ್ತು. "ಬಂಗಾರ ಸಿಕ್ರ ಸಿಗಲಿ, ಬಿಟ್ರ ಬಿಡಲಿ, ಗುಡ್ಡಾ ನೋಡಿದ್ಹಂಗಾಗತೈತಿ. ಬುತ್ತಿ ಮಾತ್ರ ಛಲೋ ಕಟಗೋರಿ," ಎಂದಳು. ಬುತ್ತಿಯ ಜವಾಬ್ದಾರಿ ಗಿರಿಜಾ ಹೊತ್ತಳು. ಶಸ್ತ್ರಾಸ್ತ್ರದ ಜವಾಬ್ದಾರಿ ನಾನು ಹೊತ್ತೆ.

ಪ್ರವಾಸ ಮಂಡಳಿಯವರು ಬಂಗಾರ ತೊಳೆಯಲು ಪ್ಲಾಸ್ಟಿಕ್ ಬೋಗುಣಿ ಕೊಡುತ್ತಾರೆಂದು ತಿಳಿದು ನನಗೆ ಅವಮಾನವಾಗಿತ್ತು. ಸ್ವಂತ ಫೌಂಡ್ರಿ ಇರುವ ಮನುಷ್ಯ ಪ್ಲಾಸ್ಟಿಕ್ ಹಿಡಿಯುವುದೆ? ಆ ವಾರ ಪಂಪಿನ ಕೆಲಸ ಬದಿಗಿಟ್ಟು, ಬೀಡಿನಲ್ಲಿ ಒಂದು ಪರಾತ ಎರಕ ಹೊಯ್ಯಿಸಿದೆ. ರೊಟ್ಟಿ ಹಿಟ್ಟು ನಾದುವ ಪರಾತದ ಆಕಾರ, ಎರಡು ಬದಿಗೆ ಹಿಡಿಕೆ, ಒಳಗೆ ಬಂಗಾರ ತಡೆದು ನಿಲ್ಲಲೆಂದು ಸುತ್ತಲೂ ಗೆರೆ. ಬಂಗಾರ ಭಾರ, ಅದು ತಳ ಹಿಡಿಯುತ್ತದೆ ಎಂಬ ಶಾಸ್ತ್ರವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಸಲಕರಣೆ. ಅದನ್ನು ಎತ್ತುವವರು ಯಾರು ಎಂಬುದೊಂದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಳೆಗಾಲ ಮುಗಿದು, ಹಳ್ಳಗಳಲ್ಲಿ ಇನ್ನೂ ನೀರು ಹರಿಯುತ್ತಿದ್ದ ದಿನಗಳು. ಬಸ್ಸು ಗದಗ ದಾಟಿ, ಗುಡ್ಡದ ಸಾಲು ಕಾಣಿಸಿ, ಒಂದು ಕಚ್ಚಾ ರಸ್ತೆಯ ತುದಿಗೆ ನಿಂತಿತು. ಹಳ್ಳ ಕೆಳಗಿತ್ತು, ಇಳಿದು ಹೋಗಬೇಕು. ಮಂಡಳಿಯ ಕಡೆಯಿಂದ ಬಂದಿದ್ದ ಮಾರ್ಗದರ್ಶಿ ಕೊರಳಲ್ಲಿ ಒಂದು ಸೀಟಿ ಹಾಕಿಕೊಂಡಿದ್ದ. ಇಳಿಯಲು ಒಂದು ಸೀಟಿ, ಸಾಲಾಗಿ ನಿಲ್ಲಲು ಒಂದು ಸೀಟಿ, ನೀರು ಕುಡಿಯಲು ಒಂದು ಸೀಟಿ. ಅವನ ಹೆಸರು ಕೇಳುವಷ್ಟು ಪ್ರೀತಿ ನನ್ನಲ್ಲಿ ಹುಟ್ಟಲಿಲ್ಲ.

ಬಸ್ಸಿನ ಕ್ಲೀನರ್ ನಮ್ಮ ಬುತ್ತಿಯ ಬುಟ್ಟಿಯನ್ನು ಒಂದೇ ಕೈಯಲ್ಲಿ ಜೋತಾಡಿಸುತ್ತ ಇಳಿಸುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. "ಏ ತಮ್ಮಾ, ಅದರಾಗ ಎಣ್ಣಿಗಾಯಿ ಐತಿ, ಇಟ್ಟಂಗಿ ಅಲ್ಲ!" ಎಂದು ಅವನನ್ನು ಬೈದು, ಬುಟ್ಟಿ ಕಸಿದುಕೊಂಡು, ಎರಡೂ ಕೈಯಿಂದ ಎದೆಗವಚಿ ನಾನೇ ಇಳುಕಲಿನಲ್ಲಿ ಇಳಿಸಿಕೊಂಡು ಹೋದೆ. ಹುಣಸೆ ಮರದ ಕೆಳಗೆ ಅವ್ವನನ್ನು ಕೂರಿಸಿ ಪಕ್ಕದಲ್ಲಿ ಬುಟ್ಟಿ ಇಟ್ಟೆ. ಪರಾತವನ್ನು ಕ್ಲೀನರ್ ಮತ್ತು ಡ್ರೈವರ್ ಕೂಡಿ ಹೊತ್ತು ತಂದರು. ತರುವಾಗ ಅವರು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

"ಇಲ್ಲಿ ಬಂಗಾರ ಐತಿ ಅನ್ನೂದಕ್ಕ ನಾವು ಗ್ಯಾರಂಟಿ," ಎಂದ ಸೀಟಿಯವನು, "ನಿಮಗ ಸಿಗತೈತಿ ಅನ್ನೂದಕ್ಕಲ್ಲ."

ಎಂಥ ಮಾತು! ಇದೇ ಗ್ಯಾರಂಟಿ ನಾನು ಪಂಪಿನವರಿಗೆ ಕೊಟ್ಟರೆ ಸುಮ್ಮನೆ ಬಿಡುತ್ತಾರೆಯೆ? "ಅಂದ್ರ ನೀವು ಮಾಡೂದೇನ್ರಿ?" ಎಂದು ಕೇಳಿದೆ. ಅವನು ಸೀಟಿ ಊದಿದ. ಎಲ್ಲರೂ ಹಳ್ಳಕ್ಕೆ ಇಳಿದರು.

ಬೋಗುಣಿಯಲ್ಲಿ ಮರಳು ತುಂಬಿಕೊಳ್ಳಬೇಕು. ನೀರಿನಲ್ಲಿ ಅದ್ದಿ ಗುಂಡಗೆ ತಿರುಗಿಸಬೇಕು. ಮೇಲಿನ ಹಗುರ ಮರಳು ನೀರಿನೊಡನೆ ಚೆಲ್ಲಿ ಹೋಗುತ್ತದೆ, ಕೊನೆಗೆ ತಳದಲ್ಲಿ ಕಪ್ಪು ಮರಳು ಉಳಿಯುತ್ತದೆ, ಅದೃಷ್ಟವಿದ್ದರೆ ಅದರಲ್ಲಿ ಹಳದಿ ಚುಕ್ಕೆ. ಇಷ್ಟೇ ವಿದ್ಯೆ. ಮಹಾಂತೇಶ ಪ್ಯಾಂಟು ಮಡಚಿ, ಬೋಗುಣಿ ಹಿಡಿದು, ಮಗುವಿಗೆ ನೀರು ಎರೆಯುವವನಂತೆ ಮೆಲ್ಲಗೆ ತಿರುಗಿಸುತ್ತಿದ್ದ. ನಾನು ಪರಾತಕ್ಕೆ ಮರಳು ತುಂಬಿ ಎತ್ತಲು ಹೋದೆ. ಪರಾತ ಏಳಲಿಲ್ಲ. ಮರಳು ಅರ್ಧಕ್ಕೆ ಇಳಿಸಿದೆ. ಏಳಲಿಲ್ಲ. ಮರಳು ಪೂರ್ತಿ ಚೆಲ್ಲಿ, ಮರ್ಯಾದೆಗೆಂದು ಬರಿಯ ಪರಾತವನ್ನಾದರೂ ಎತ್ತಿ ತೋರಿಸೋಣ ಎಂದು ಬಗ್ಗಿ ಜಗ್ಗಿದೆ. ಎದ್ದಿತು! ಎದ್ದು, ಕೈಜಾರಿ, ನೇರವಾಗಿ ನನ್ನ ಕಾಲಿನ ಹೆಬ್ಬೆರಳಿನ ಮೇಲೆ ಬಂದು ಕೂತಿತು.

ಗುಡ್ಡಕ್ಕೆ ಕೇಳಿಸುವಂತೆ ಚೀರಿದೆ. ಸೀಟಿಯವನು ಓಡಿ ಬಂದ.

"ಏನ್ ಸಿಕ್ತರಿ?"

"ಬೊಟ್ಟು ಸಿಕ್ಕೈತಿ! ತಗೀರಿ ಮೊದಲ!"

ಆಮೇಲೆ ಆ ಪರಾತವನ್ನು ಹಳ್ಳ ತನ್ನ ಮರಳಿನಲ್ಲಿ ನಿಧಾನವಾಗಿ ಇಳಿಸಿಕೊಂಡಿತು. ನನ್ನ ಲೆಕ್ಕ ಸರಿಯಾಗಿತ್ತು: ಭಾರವಾದದ್ದು ತಳ ಹಿಡಿಯುತ್ತದೆ. ನಾನು ಪ್ಲಾಸ್ಟಿಕ್ ಬೋಗುಣಿ ಬೇಡಿ ತೆಗೆದುಕೊಂಡೆ. ಕುಂಟುತ್ತ, ಬೆನ್ನು ಬಗ್ಗಿಸಿ, ಮಧ್ಯಾಹ್ನದವರೆಗೆ ತೊಳೆದೆ. ಬಂಗಾರ ಬರಲಿಲ್ಲ, ಬೆವರು ಬಂತು. ನಡುನಡುವೆ ಮಹಾಂತೇಶ ಕತ್ತೆತ್ತಿ, "ಸಾವಕಾಶ ಅಣ್ಣಾರ, ಸಾವಕಾಶ," ಎನ್ನುತ್ತಿದ್ದ. ಆ ಬೋಗುಣಿಯನ್ನು ಅವನ ತಲೆಯ ಮೇಲೆ ಕವುಚಬೇಕೆನಿಸುತ್ತಿತ್ತು.

ಊಟದ ಸೀಟಿ ಆಯಿತು. ಅದೊಂದೇ ಸೀಟಿ ನನಗೆ ಇಷ್ಟವಾದದ್ದು. ಮರದ ಕೆಳಗೆ ಪತ್ರಾವಳಿ ಹಾಸಿ ಕೂತೆವು. ಬುಟ್ಟಿಯ ಮೇಲೆ ಹೊದಿಸಿದ್ದ ಟವೆಲ್ಲಿನ ಸಂದಿನಿಂದಲೇ ಎಣ್ಣಿಗಾಯಿಯ ವಾಸನೆ ಬರುತ್ತಿತ್ತು. ಗಿರಿಜಾ ಟವೆಲ್ ತೆಗೆಯಲು ಕೈ ಹಾಕಿದಳು. ಅವ್ವ ರೂಢಿಯಂತೆ, "ಮೊದಲ ಲಿಂಗಕ್ಕ ತೋರಿಸಿ ಉಣ್ರಪಾ," ಎಂದಳು.

ನಾನು ಅಂಗಿಯ ಗುಂಡಿ ಬಿಚ್ಚಿ ಒಳಗೆ ಕೈ ಹಾಕಿದೆ. ಕೈಗೆ ಶಿವದಾರ ಬಂತು. ಎಳೆದೆ, ಇಷ್ಟುದ್ದಕ್ಕೂ ಬಂತು. ಒಂದು ಕಡೆ ಹರಿದಿತ್ತು. ಅದರಲ್ಲಿ ತೂಗುತ್ತಿದ್ದ ಬೆಳ್ಳಿಯ ಗುಂಡಗಡಿಗೆ ಇರಲಿಲ್ಲ. ಗುಂಡಗಡಿಗೆಯೊಳಗಿದ್ದ ನನ್ನ ಇಷ್ಟಲಿಂಗವೂ ಇರಲಿಲ್ಲ.

ಗಿರಿಜಾಳ ಕೈ ಟವೆಲ್ಲಿನ ಮೇಲೆಯೇ ನಿಂತಿತು.

ನಮ್ಮ ಮನೆತನದಲ್ಲಿ ಲಿಂಗ ಮೈಮೇಲಿಂದ ಹೋದರೆ ಅದು ಸಿಗುವವರೆಗೆ ಅನ್ನ ಇಲ್ಲ, ನೀರೂ ಇಲ್ಲ. ನಾನೇನು ದೊಡ್ಡ ಶರಣನಲ್ಲ. ಎಷ್ಟೋ ದಿನ ಬೆಳಗಿನ ಪೂಜೆ ಮಾಡುತ್ತಲೇ ಫೋನಿನಲ್ಲಿ ಕಬ್ಬಿಣದ ವ್ಯಾಪಾರಿಯನ್ನು ಬೈದದ್ದುಂಟು. ಆದರೆ ತೊಟ್ಟಿಲಲ್ಲಿದ್ದಾಗ ಕಟ್ಟಿದ್ದು, ಅಂದಿನಿಂದ ಎದೆಯ ಮೇಲೇ ಇದ್ದದ್ದು. ದಾರ ಜೀರ್ಣವಾಗಿದೆ, ಬದಲಿಸಿರಿ ಎಂದು ಗಿರಿಜಾ ಹೇಳುತ್ತಲೇ ಬಂದಿದ್ದಳು. ಈಗಲೂ ಹೇಳುತ್ತಾಳೆ ಎಂದು ನಾನು ಸಿಟ್ಟು ತಯಾರು ಮಾಡಿಕೊಂಡು ಕೂತೆ. ಆಕೆ ಏನೂ ಹೇಳಲಿಲ್ಲ. ಅದಕ್ಕೂ ಸಿಟ್ಟು ಬಂತು.

"ಹಳ್ಳದಾಗ ಬಿದ್ದಿರಬೇಕು," ಎಂದೆ. "ಮುಂಜಾನಿಂದ ಬಗ್ಗೇ ನಿಂತೇನಿ."

ಹಾಗೆಂದು ನಾನೇ ಎದ್ದೆ. "ನೀವು ಉಣ್ರಿ, ನಾ ಹುಡುಕತೇನಿ."

"ಮಗಾ ಉಪಾಸ ನಿಂತಾಗ ನನಗ ರೊಟ್ಟಿ ಇಳೀತೈತೇನೋ? ನಾನೂ ಒಲ್ಲೆ," ಎಂದಳು ಅವ್ವ.

ಗಂಡ ಮತ್ತು ಅತ್ತೆ ಒಲ್ಲೆ ಎಂದ ಮೇಲೆ ಗಿರಿಜಾ ಉಣ್ಣುವಂತಿಲ್ಲ. ಅಕ್ಕ ಉಣ್ಣದೆ ಕಮಲಾ ಉಣ್ಣುವಂತಿಲ್ಲ. ಉಳಿದವನು ಮಹಾಂತೇಶ. ಎಲ್ಲರೂ ಅವನ ಮುಖ ನೋಡಿದರು. ಅವನು ಬುಟ್ಟಿಯ ಮುಖ ನೋಡಿದ.

"ಅಣ್ಣಾರ, ನೀವು ಉಣ್ಣಲಾರದ ನಾ ಹ್ಯಾಂಗ ಉಣ್ಣಲಿ? ನನಗೂ ಬ್ಯಾಡ," ಎಂದ. ದನಿ ಯಾವತ್ತಿಗಿಂತ ಮೆತ್ತಗಿತ್ತು.

ಗಿರಿಜಾ ಮೆಲ್ಲಗೆ, "ರೀ, ಬುತ್ತಿ ಬಿಚ್ಚಿ ಅತ್ತಿಯವರ ಮುಂದರ ಇಡೋಣ್ರಿ. ಮಾದ್ಲಿ ವಾಸನಿಗೆ ಒಂದು ತುತ್ತು ತಿಂದಾರು. ಗುಳಗಿ ತಗೊಂಡಾರ ಅವರು," ಎಂದಳು. ಬುದ್ಧಿಯ ಮಾತು. ಆದರೆ ಸಿಟ್ಟಿನ ಕಿವಿಗೆ ಬುದ್ಧಿಯ ಮಾತು ಬೀಳುತ್ತದೆಯೆ?

"ಯಾರೂ ಬುಟ್ಟಿ ಮುಟ್ಟಂಗಿಲ್ಲ! ಲಿಂಗ ಸಿಕ್ಕಮ್ಯಾಲೇ ಬುಟ್ಟಿ!" ಎಂದು ಗುಡುಗಿದೆ. ಕಣ್ಣೆದುರಿಗೆ ಇದ್ದರಲ್ಲವೆ ಆಸೆ? ಟವೆಲ್ಲಿನ ಮೇಲೆ ಒಂದು ಹಗ್ಗ ಸುತ್ತಿ ಬಿಗಿದು ಕಟ್ಟಿ, ಬುಟ್ಟಿಯನ್ನು ಹೊತ್ತು ಮೇಲೆ ಹೋಗಿ, ಬಸ್ಸಿನ ಹಿಂದಿನ ಸೀಟಿನ ಕೆಳಗೆ ತಳ್ಳಿ ಬಂದೆ. ಹಿಡಿದ ಕೆಲಸ ಪೂರ್ತಿ ಮಾಡುವ ಗುಣ ನನ್ನದು.

ಬಸ್ಸಿನ ಉಳಿದ ಜನ ನಮ್ಮೆದುರಿಗೇ ಉಂಡರು. ಉಂಡರೆ ಉಣ್ಣಲಿ, ತೇಗಿದರು! ಆಮೇಲೆ ಪಾಪ, ಹುಡುಕಲು ತಾವೂ ಬರುತ್ತೇವೆಂದರು.

ಸೀಟಿಯವನು ಮಾತ್ರ, "ನೋಡ್ರಿ, ಹಳ್ಳದಾಗ ಬಿದ್ದ ಸಾಮಾನಿಗೆ ಮಂಡಳಿ ಜವಾಬ್ದಾರಿ ಅಲ್ಲ," ಎಂದ.

"ಸಾಮಾನು ಅಂತೀರಿ? ಅದಕ್ಕ ಸಾಮಾನು ಅಂತೀರಿ?" ಅವನ ಕೊರಳಿನ ಸೀಟಿಗೇ ಕೈ ಹಾಕಿದೆ. ಅವನು ಹೆದರಿ ದಾರಸಮೇತ ತೆಗೆದು ಕೊಟ್ಟುಬಿಟ್ಟ. ಹೀಗೆ ಆ ದಿನದ ಆಡಳಿತ ನನ್ನ ಕೈಗೆ ಬಂತು.

ಕಲ್ಲಿನ ಮೇಲೆ ನಿಂತು ಸೀಟಿ ಊದಿದೆ. ಮುಂಜಾನೆಯಿಂದ ಎಲ್ಲರೂ ಚೆಲ್ಲಿದ ಮರಳನ್ನು ಮತ್ತೆ ತುಂಬಿ ಮತ್ತೆ ತೊಳೆಯಬೇಕೆಂದು ಆಜ್ಞೆ ಮಾಡಿದೆ. ಮೇಲಿನವರು ಕೆಳಕ್ಕೆ, ಕೆಳಗಿನವರು ಮೇಲಕ್ಕೆ! ಒಬ್ಬರು, "ಸಿಕ್ತು!" ಎಂದು ಕೂಗಿದರು. ಕುಂಟುತ್ತ ಓಡಿದೆ. ದುಂಡನೆಯ ಕಲ್ಲು. ಇನ್ನೊಬ್ಬರು, "ಇಲ್ಲೆ ಹೊಳಿಯಾಕತ್ತೇತಿ!" ಎಂದರು. ಓಡಿದೆ. ಬಾಟಲಿಯ ಬಿರಡೆ. ಆಡಳಿತ ನಡೆಸುವುದು ಸುಲಭವಲ್ಲ. ಖಾಲಿ ಹೊಟ್ಟೆಯಲ್ಲಿ ಸೀಟಿ ಊದಿ ಊದಿ ಕಣ್ಣು ಕತ್ತಲೆ ಬಂತು. ಸೀಟಿಯವನ ಮೇಲೆ ಮೊದಲ ಸಲ ಸ್ವಲ್ಪ ಗೌರವ ಮೂಡಿತು.

ಸೀಟಿ ಬಿಟ್ಟು ನಾನೂ ಬೋಗುಣಿ ಹಿಡಿದೆ. ನಾನು ನಿಂತಿದ್ದ ಮಡುವಿನ ಮರಳನ್ನೇ ತೊಳೆದೆ. ಎಷ್ಟು ತೊಳೆದರೂ ತಳದಲ್ಲಿ ಕಪ್ಪು ಮರಳು. ಒಂದು ಸಲ ಆ ಕಪ್ಪಿನಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಏನೋ ಕಂಡಿತು. ನನಗೆ ಬೇಕಾದದ್ದು ಬೆಳ್ಳಿ. ದುಂಡನೆಯದು. "ಇದೊಂದು ಅಡ್ಡ ಬಂತು!" ಎಂದು ಬೈದು ಬೋಗುಣಿಯಲ್ಲಿದ್ದದ್ದನ್ನು ಜೋರಾಗಿ ಝಾಡಿಸಿ ಹರಿವ ನೀರಿಗೆ ಎಸೆದೆ.

"ಅಯ್ಯಯ್ಯೋ! ಸಾಹೇಬ್ರ!" ಪಕ್ಕದಲ್ಲಿದ್ದ ಸೀಟಿಯವನು ತಲೆಯ ಮೇಲೆ ಕೈ ಹೊತ್ತು ಕುಸಿದ. "ಅದು ಬಂಗಾರರಿ! ಖರೇ ಬಂಗಾರ! ನಾವು ಬಸ್ ಬಿಟ್ಟಾಗಿಂದ ಯಾರಿಗೂ ಸಿಕ್ಕಿದ್ದಿಲ್ಲರಿ ಅಷ್ಟು ದೊಡ್ಡದು!"

ಅಷ್ಟೇ ಸಾಕಾಯಿತು. ನನ್ನ ಲಿಂಗ ಹುಡುಕುತ್ತಿದ್ದವರೆಲ್ಲ ನಾನು ಎಸೆದ ಬಂಗಾರ ಹುಡುಕಲು ಓಡಿದರು! ದೂಡಾಟ, ನೂಕಾಟ. ಕಮಲಾ ಕೂಡ ಸೀರೆ ಎತ್ತಿ ಕಟ್ಟಿ ಓಡಿದಳು. ಸೀಟಿ ಊದಿದೆ, ಯಾರೂ ಕೇಳಲಿಲ್ಲ. ಅವರು ತುಳಿದ ತುಳಿತಕ್ಕೆ ಹಳ್ಳದ ನೀರೆಲ್ಲ ರಾಡಿಯಾಗಿ ತಳವೇ ಕಾಣದಾಯಿತು. ಆಗ ನನಗೆ ಬಂದ ಸಿಟ್ಟಿಗೆ ಹೆಸರಿಲ್ಲ. ಮಂಡಳಿಯ ಮೇಲೆ, ಬಂಗಾರದ ಮೇಲೆ, ಬ್ರಿಟಿಷರ ಮೇಲೆ, ಗುಡ್ಡದ ಮೇಲೆ, ಮುಖ್ಯವಾಗಿ ಆ ಜಾಹೀರಾತು ತಂದವನ ಮೇಲೆ. ಅವನೆಲ್ಲಿ ಎಂದು ಸುತ್ತ ನೋಡಿದೆ. ಮಹಾಂತೇಶ ಹಳ್ಳದಲ್ಲಿ ಇರಲಿಲ್ಲ.

"ರೀ, ಲಗೂ ಬರ್ರಿ!" ಗಿರಿಜಾ ಮರದ ಕೆಳಗಿನಿಂದ ಕೂಗಿದಳು. ಆ ದನಿ ಬೇರೆಯೇ ಇತ್ತು.

ಅವ್ವ ಮರಕ್ಕೆ ಆತು ಕೂತಿದ್ದಳು. ಹಣೆಯೆಲ್ಲ ಬೆವರು. ಕೈ ಮುಟ್ಟಿದೆ, ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು. ಗಿರಿಜಾ ಹಿಡಿದಿದ್ದ ಸಕ್ಕರೆ ನೀರಿನ ಲೋಟವನ್ನು ಆಕೆ ಬಾಯಿ ಬಿಗಿ ಹಿಡಿದು ದೂಡುತ್ತಿದ್ದಳು.

"ಅವ್ವಾ, ನಿನಗ್ಯಾವ ನೇಮ ಐತಿ? ಲಿಂಗ ಹೋಗಿದ್ದು ನಂದು. ಒಂದು ಗುಟುಕು ಕುಡಿ," ಎಂದೆ.

"ಮೊದಲ ನಿಂದು ಸಿಗಲಿ," ಎಂದಳು. ನಾಲಿಗೆ ತಡವರಿಸುತ್ತಿತ್ತು.

"ಹಟಾ ಮಾಡಬ್ಯಾಡವ್ವಾ!" ಎಂದು ಕೂಗಿದೆ. ಆಕೆ ನಕ್ಕಳು. "ನನಗ ಹಟಾ ಅಂತಿ. ನೀ ಯಾರ ಮಗಾ?"

ನನಗೆ ಅಂಜಿಕೆಯಾಯಿತು. ಹೇಳಿಬಿಡುತ್ತೇನೆ, ನನ್ನ ಸಿಟ್ಟಿನ ಅರ್ಧ ಯಾವಾಗಲೂ ಅಂಜಿಕೆಯೇ. ಅಂಜಿದೆ ಎಂದು ಹೇಳಲು ಬರುವುದಿಲ್ಲ, ಅದಕ್ಕೆ ಕೂಗುತ್ತೇನೆ. ಅಂದು ಕೂಗಲೂ ಆಗಲಿಲ್ಲ. ಲಿಂಗ ಹಳ್ಳದಲ್ಲೇ ಉಳಿದರೆ ಉಳಿಯಲಿ, ಆ ಪಾಪ ನನಗಿರಲಿ, ಅವ್ವನನ್ನು ಮೊದಲು ಗದಗಿನ ಡಾಕ್ಟರ ಹತ್ತಿರ ಒಯ್ಯಬೇಕು ಎಂದು ಡ್ರೈವರನನ್ನು ಎಬ್ಬಿಸಲು ಮೇಲಕ್ಕೆ ಓಡಿದೆ. ಹೆಬ್ಬೆರಳಿನ ನೋವು ಆಗ ನೆನಪಿಗೂ ಬರಲಿಲ್ಲ.

ಬಸ್ಸಿನ ಬಾಗಿಲು ತೆರೆದಿತ್ತು. ಡ್ರೈವರ್ ಮುಂದೆ ಮಲಗಿದ್ದ. ಹಿಂದಿನಿಂದ ಒಂದು ಸಪ್ಪಳ ಬರುತ್ತಿತ್ತು. ಕರಂ ಕರಂ. ಕಟಕ ರೊಟ್ಟಿಯ ಸಪ್ಪಳ ಉತ್ತರ ಕರ್ನಾಟಕದಲ್ಲಿ ಹುಟ್ಟಿದವನಿಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಹಿಂದೆ ಹೋಗಿ ನೋಡಿದರೆ, ಎರಡು ಸೀಟಿನ ನಡುವೆ ನೆಲದ ಮೇಲೆ ಮಹಾಂತೇಶ! ಹಗ್ಗ ಬಿಚ್ಚಿದೆ. ಟವೆಲ್ ಸರಿದಿದೆ. ಎಣ್ಣಿಗಾಯಿಯ ಡಬ್ಬಿ ತೆರೆದಿದೆ. ಎರಡೂ ಗಲ್ಲ ಉಬ್ಬಿವೆ.

ಕಾಲರ್ ಹಿಡಿದು ಎತ್ತಿದೆ.

"ಏನಲೇ! ನೀವು ಉಣ್ಣಲಾರದ ನಾ ಹ್ಯಾಂಗ ಉಣ್ಣಲಿ ಅಂದವ ನೀನ ಅಲ್ಲೇನು? ಅಲ್ಲೆ ನಮ್ಮವ್ವ ಕೈಕಾಲು ತಣ್ಣಗ ಮಾಡಿಕೊಂಡು ಕುಂತಾಳ, ನೀ ಇಲ್ಲೆ ಬದ್ನಿಕಾಯಿ ಬಡಿಯಾಕತ್ತೀದಿ! ತಾಳ್ಮಿ ಬೇಕಂತ ತಾಳ್ಮಿ! ಧಾರವಾಡದ ತಾಳ್ಮಿ ಇದನೇನು?"

ಅವನಿಗೆ ಮಾತಾಡಲು ಬರುತ್ತಿರಲಿಲ್ಲ. ಬಾಯಲ್ಲಿ ಜಾಗವಿರಲಿಲ್ಲ. "ಮ್... ಮ್ಮ..." ಎನ್ನುತ್ತ ಬಲಗೈ ಮುಂದೆ ಮಾಡಿ ಅಂಗೈ ಬಿಡಿಸಿದ.

ಅಂಗೈಯಲ್ಲಿ ನನ್ನ ಬೆಳ್ಳಿಯ ಗುಂಡಗಡಿಗೆ ಇತ್ತು. ಅದರ ಒಂದು ಬದಿಗೆ ಶೇಂಗಾ ಚಟ್ನಿಯ ಪುಡಿ ಹತ್ತಿತ್ತು.

"ಡಬ್ಬಿ ಸಂದ್ಯಾಗ ಇತ್ತರಿ ಅಣ್ಣಾರ," ಎಂದ, ನುಂಗಿದ ಮೇಲೆ. "ಚಟ್ನಿ ತಗಿಯಾಕ ಹೋದ್ರ ಕೈಗೆ ಹತ್ತಿತು."

ಬುಟ್ಟಿಯನ್ನು ಎದೆಗವಚಿಕೊಂಡು ಇಳುಕಲು ಇಳಿದದ್ದು ನೆನಪಾಯಿತು. ದಾರ ಹರಿದದ್ದು ಅಲ್ಲೇ. ಲಿಂಗ ಅಂಗಿಯ ಗುಂಡಿಗಳ ನಡುವಿನಿಂದ ಹೊರಬಿದ್ದು, ಟವೆಲ್ಲಿನ ಸಂದಿಯಿಂದ ಬುತ್ತಿಯೊಳಗೆ ಜಾರಿತ್ತು. ಲಿಂಗ ಸಿಗುವವರೆಗೆ ಊಟವಿಲ್ಲ ಎಂದು ಕಟ್ಟಿಟ್ಟೆ. ಊಟ ಬಿಚ್ಚುವವರೆಗೆ ಲಿಂಗ ಸಿಗುವಂತಿರಲಿಲ್ಲ. ಹಗ್ಗ ಬಿಗಿದವನು ನಾನು. ಬಸ್ಸಿಗೆ ಒಯ್ದವನು ನಾನು. ಯಾರೂ ಮುಟ್ಟಬಾರದೆಂದು ಗುಡುಗಿದವನೂ ನಾನೇ. ಎಲ್ಲರೂ ನನ್ನ ಮಾತು ಕೇಳಿದ್ದರು. ಕೇಳದವನು ಇವನೊಬ್ಬ. ಇವನೂ ಕೇಳಿದ್ದರೆ! ಕಾಲರ್ ಬಿಟ್ಟೆ. ಗುಂಡಗಡಿಗೆಯನ್ನು ಕಣ್ಣಿಗೆ ಒತ್ತಿಕೊಂಡೆ. ಕಣ್ಣು ಒದ್ದೆಯಾಗಿತ್ತು, ಚಟ್ನಿಯ ಖಾರ ತಗುಲಿ ಇನ್ನಷ್ಟು ಒದ್ದೆಯಾಯಿತು.

ಇಬ್ಬರೂ ಬುಟ್ಟಿ ಹಿಡಿದುಕೊಂಡು ಕೆಳಗೆ ಓಡಿದೆವು. "ಸಿಕ್ತವ್ವಾ! ಸಿಕ್ತು!" ಎಂದು ನಾನು ಚೀರಿದ್ದಕ್ಕೆ ಹಳ್ಳದವರು ಬಂಗಾರ ಸಿಕ್ಕಿತೆಂದು ನಮ್ಮ ಹಿಂದೆ ಓಡಿ ಬಂದರು. ಕಟ್ಟಿಕೊಳ್ಳಲು ಗಟ್ಟಿ ದಾರವಿರಲಿಲ್ಲ. ಸೀಟಿಯವನು ನನ್ನ ಕೈಯಿಂದ ಸೀಟಿ ತೆಗೆದುಕೊಂಡು, ಅದರ ದಾರ ಬಿಚ್ಚಿ, ಹಳ್ಳದ ನೀರಿನಲ್ಲಿ ತೊಳೆದು ಕೊಟ್ಟ. "ಸದ್ಯಕ್ಕ ಇದನ್ನ ಕಟಗೋರಿ ಸಾಹೇಬ್ರ," ಎಂದ. ಗಿರಿಜಾ ಕಟ್ಟಿದಳು. ಅವನ ಹೆಸರು ಕೇಳಲು ಆಗಲೂ ನನಗೆ ಬಾಯಿ ಬರಲಿಲ್ಲ.

ನಾನು ಒಂದು ಗುಟುಕು ನೀರು ಕುಡಿದೆ. ಅದನ್ನು ನೋಡಿದ ಮೇಲೆಯೇ ಅವ್ವ ಸಕ್ಕರೆ ನೀರಿನ ಲೋಟಕ್ಕೆ ಬಾಯಿ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಕೈಯ ನಡುಕ ನಿಂತಿತು. ಮುಖಕ್ಕೆ ಕಳೆ ಬಂತು. ಕಳೆ ಬಂದ ಕೂಡಲೇ ವಿಚಾರಣೆ ಆರಂಭಿಸಿದಳು.

"ಎಲ್ಲೆ ಸಿಕ್ತೋ?"

ನಾನು ಬಾಯಿ ತೆಗೆಯುವ ಮೊದಲೇ ಮಹಾಂತೇಶ ಶುರುಮಾಡಿದ. "ಬುತ್ತಿ ಬುಟ್ಟ್ಯಾಗ ಇತ್ತರಿ ಅವ್ವಾರ. ಎಲ್ಲಾರೂ ಹಳ್ಳದಾಗ ನೋಡಾಕತ್ತಿದ್ರು. ನನಗ ಯಾಕೋ ಮನಸ್ಸಿಗೆ ಅನಸ್ತು, ಒಮ್ಮೆ ಬುಟ್ಟಿನೂ ನೋಡೂಣು ಅಂತ." ಒಂದು ಮಾತೂ ಸುಳ್ಳಲ್ಲ. ಧಾರವಾಡದ ಭಾಷೆಯ ಶಕ್ತಿ ನನಗೆ ಅಂದು ಅರ್ಥವಾಯಿತು.

"ನೋಡು, ಜಾಣ ಅಂದ್ರ ಹಿಂಗಿರಬೇಕು!" ಎಂದಳು ಅವ್ವ. ಬಸ್ಸಿನ ಜನ ತಲೆದೂಗಿದರು. "ಹಗ್ಗಾ ಹಾಕಿ ಕಟ್ಟಿದವರ‍್ಯಾರು?"

ಗಿರಿಜಾ ನನ್ನ ಕಡೆ ನೋಡಿದಳು. ಕಮಲಾ ನನ್ನ ಕಡೆ ನೋಡಿದಳು. ಕ್ಲೀನರ್ ಕೂಡ ನೋಡಿದ. ಖರೇ ಏನು ನಡೆಯಿತೆಂದು ಈಗ ಹೇಳಿಯೇಬಿಡಬೇಕೆಂದು ಬಾಯಿ ತೆಗೆದೆ. ಅವ್ವ ರೊಟ್ಟಿ ಮುರಿದು ಎಣ್ಣಿಗಾಯಿ ಹಚ್ಚಿ ನನ್ನ ಬಾಯೊಳಗೆ ಇಟ್ಟುಬಿಟ್ಟಳು. "ಮೊದಲ ನುಂಗು. ಆಮ್ಯಾಲ ಸಿಟ್ಟು ಮಾಡೀಯಂತ."

ನುಂಗಿದೆ. ಹಸಿದ ಹೊಟ್ಟೆಗೆ ಎಣ್ಣಿಗಾಯಿ ಇಳಿದ ಮೇಲೆ ಸಿಟ್ಟು ಎಲ್ಲಿಂದ ಹಿಡಿಯಬೇಕೋ ಮರೆತುಹೋಯಿತು. ಎದುರಿಗೆ ಅವ್ವ ಕೂತು ರೊಟ್ಟಿ ಮುರಿಯುತ್ತಿದ್ದಳು. ಅಷ್ಟು ಸಾಕಾಗಿತ್ತು.

"ಈರಣ್ಣಾ, ಮಹಾಂತೇಶಗ ನಿನ್ನ ಕೈಲೆ ಬಡಸು. ನಿನ್ನ ಲಿಂಗ ತಂದು ಕೊಟ್ಟಾನ," ಎಂದಳು.

ಎದ್ದು, ಕುಂಟುತ್ತ ಹೋಗಿ, ಅವನ ಪತ್ರಾವಳಿಗೆ ಮಾದ್ಲಿ ಬಡಿಸಿದೆ. ಅವನು ಎರಡೂ ಕೈ ಅಡ್ಡ ಹಿಡಿದು, "ಸಾಕ್ರಿ ಅಣ್ಣಾರ, ಸಾಕು. ನನಗ ಯಾಕೋ ಹಸಿವಿಲ್ಲ. ಮೊದಲ ನಿಮ್ಮದಾಗಲಿ," ಎಂದ.

ಯಾಕೆ ಹಸಿವಿಲ್ಲ ಎಂಬುದು ಆ ಇಡೀ ಕಪ್ಪತಗುಡ್ಡದಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಅವ್ವನ ಕಣ್ಣು ತುಂಬಿ ಬಂತು. "ನೋಡ್ರವಾ, ಮುಂಜಾನಿಂದ ಹನಿ ನೀರು ಮುಟ್ಟಿಲ್ಲ, ಆದ್ರೂ ಷಡ್ಡಕಂದು ಮೊದಲಾಗಲಿ ಅಂತಾನ. ಎಂಥಾ ತಾಳ್ಮಿ!"

ನಾನು ಅವನ ಪತ್ರಾವಳಿಗೆ ಇನ್ನೊಂದು ರೊಟ್ಟಿ ಇಟ್ಟೆ. ಅದರ ಮೇಲೆ ಮತ್ತೊಂದು ಇಟ್ಟೆ. ಹೊಟ್ಟೆ ಒಡೆಯಲಿ ಎಂದೇ ಇಟ್ಟೆ. ಅವನು ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದ, ನಾನು ಬಿಡಲಿಲ್ಲ.

"ಈಗ ನೋಡು," ಎಂದಳು ಅವ್ವ ಗಿರಿಜಾಳಿಗೆ, "ನಮ್ಮ ಈರಣ್ಣಗೂ ಷಡ್ಡಕನ ಮ್ಯಾಲ ಎಷ್ಟು ಪ್ರೀತಿ ಐತಿ!"